ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದ್ಮೇಲೆ ಪೇಷಂಟ್ ಯಾರ ಜವಾಬ್ದಾರಿ? ಆಶಾ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ತಾಲ್ಲೂಕು ಆಸ್ಪತ್ರೆ ಒಂದಕ್ಕೊಂದು ಮಾತಾಡೋ ಥರ ಆಗೋದು ಹೇಗೆ

ಮಲೆನಾಡ ಮಗಳು (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಆಸ್ಪತ್ರೆ ಸುಧಾರಿಸ್ಬೇಕು ಅಂದ ತಕ್ಷಣ ನಾವು ಮಾತಾಡೋದು ಹೊಸ ಕಟ್ಟಡ, ಹೊಸ ಮಷಿನ್, ಹೊಸ ಮೆಡಿಕಲ್ ಕಾಲೇಜು ಇಷ್ಟೇ. ಅದೆಲ್ಲ ಬೇಕು, ಬೇಡ ಅನ್ನಲ್ಲ. ಆದ್ರೆ ಈಗ ಇರೋ ಆಸ್ಪತ್ರೆಗಳೇ ಒಂದಕ್ಕೊಂದು ಮಾತಾಡ್ತಿಲ್ಲ, ಅದರಿಂದ ಆಗ್ತಿರೋ ನಷ್ಟದ ಬಗ್ಗೆ ಯಾರೂ ಬರೆಯೋದು ನಾನು ನೋಡಿಲ್ಲ, ಅದಕ್ಕೇ ಇಲ್ಲಿ ಹಾಕ್ತಿದೀನಿ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಮಗೆಲ್ಲ ಗೊತ್ತಿರುತ್ತೆ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಹೋದ್ರೆ ಇಸಿಜಿ ತೆಗೀತಾರೆ, ಅದು ಅಲ್ಲಿಂದ್ಲೇ ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ (ಹಬ್) ಆಸ್ಪತ್ರೆಗೆ ಹೋಗುತ್ತೆ, ಅಲ್ಲಿ ನೋಡಿ ಕೆಲವೇ ನಿಮಿಷದಲ್ಲಿ ಹಾರ್ಟ್ ಅಟ್ಯಾಕ್ ಹೌದೋ ಅಲ್ವೋ ಹೇಳ್ತಾರೆ, ಹೌದಾದ್ರೆ ರಕ್ತ ಹೆಪ್ಪುಗಟ್ಟಿದ್ದು ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ತಾಲ್ಲೂಕಲ್ಲೇ ಫ್ರೀಯಾಗಿ ಹಾಕ್ತಾರೆ. ಹೊರಗೆ ಸಾವಿರಾರು ರೂಪಾಯಿ ಅದಕ್ಕೆ. ಅಂದ್ರೆ ಎರಡು ಆಸ್ಪತ್ರೆ ಸೇರಿ ಕೆಲಸ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೇಲಕ್ಕೆ ಹೋಗೋ ದಾರಿ ಇದೆ, ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರದ ಚಿಕಿತ್ಸೆ ಖರ್ಚಿನ ಯೋಜನೆ 2018ರಲ್ಲಿ ಬಂದಾಗಿನಿಂದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಬೇರೆ ಬೇಕು.

ಆದ್ರೆ ಕೆಳಗೆ ಬರೋ ದಾರಿ ಎಲ್ಲಿದೆ? ನಮ್ಮ ದೊಡ್ಡಪ್ಪಂಗೆ ಸ್ಟ್ರೋಕ್ ಆಯ್ತು, ದೊಡ್ಡ ಊರಿನ ಆಸ್ಪತ್ರೆಲಿ ಚೆನ್ನಾಗೇ ನೋಡಿಕೊಂಡ್ರು, ಒಂದು ಪ್ಲಾಸ್ಟಿಕ್ ಕವರಲ್ಲಿ ಸ್ಕ್ಯಾನ್ ಫಿಲ್ಮು, ಇಂಗ್ಲಿಷಲ್ಲಿರೋ ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿ ಹಾಕಿ ಕಳಿಸಿದ್ರು. ಮನೇಲಿ ಮೊದಲಿಂದ ಬಿಪಿಗೆ ಅಮ್ಲೋಡಿಪಿನ್ ತಗೋತಿದ್ರು, ಉಪಕೇಂದ್ರದಿಂದ (ಪಿಎಚ್‌ಸಿ ಕೆಳಗಿನ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರ) ಕೊಡ್ತಿದ್ದ ಮಾತ್ರೆ ಅದು. ಆಸ್ಪತ್ರೆಯವರು ಬರೆದ ಹೊಸ ಮಾತ್ರೆ ಬೇರೆ ಹೆಸರಿಂದು, ಅದರೊಳಗೂ ಅಮ್ಲೋಡಿಪಿನ್ ಇತ್ತು, ಜೊತೆಗೆ ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಬಿಪಿ ಔಷಧಿ. ದೊಡ್ಡಮ್ಮ ಎರಡನ್ನೂ ಕೊಡ್ತಾ ಬಂದ್ರು, ಅವರಿಗೇನು ಗೊತ್ತಾಗ್ಬೇಕು. ಕಾಲು ಊದಿಕೊಂಡ್ತು, ಎದ್ದರೆ ತಲೆಸುತ್ತು, ಒಂದ್ಸಲ ಬಚ್ಚಲಮನೇಲಿ ಬಿದ್ದೇ ಬಿಟ್ರು. ಉಪಕೇಂದ್ರದ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಒಬ್ರು ಮನೆಗೆ ಬಂದು ಡಬ್ಬಿ ತೆಗೆದು ಎರಡೂ ಸ್ಟ್ರಿಪ್ ತಿರುಗಿಸಿ ಓದಿ ಹೇಳಿದ ಮೇಲೆ ಗೊತ್ತಾಗಿದ್ದು. ಅವರಿಗೂ ಯಾರೂ ತಿಳಿಸಿರ್ಲಿಲ್ಲ, ಊರಲ್ಲಿ ಯಾರೋ ಹೇಳಿದ್ರು ಅಂತ ಬಂದಿದ್ದು.

ಇದಕ್ಕೆ ಯಾರನ್ನೂ ಬೈಯೋದಿಲ್ಲ. ಅಲ್ಲಿನ ಡಾಕ್ಟ್ರು ತಮ್ಮ ಕೆಲಸ ಮಾಡಿದ್ರು, ಇಲ್ಲಿನವರೂ ಮಾಡಿದ್ರು, ನಡುವೆ ಯಾರ ಕೆಲಸವೂ ಅಲ್ಲದ ಜಾಗ ಒಂದಿದೆ.

ನನ್ನ ಪ್ರಶ್ನೆ ಇದು. ಬಸುರಿಯರಿಗೆ ತಾಯಿ ಕಾರ್ಡ್ ಇದೆ. ಆಶಾ ಅಕ್ಕನಿಂದ ಹಿಡಿದು ಜಿಲ್ಲಾಸ್ಪತ್ರೆ ಡಾಕ್ಟ್ರವರೆಗೆ ಎಲ್ಲರೂ ಅದೇ ಕಾರ್ಡಲ್ಲಿ ಬರೀತಾರೆ, ಹಿಮೋಗ್ಲೋಬಿನ್ ಎಷ್ಟಿತ್ತು, ಬಿಪಿ ಎಷ್ಟಿತ್ತು, ಟಿಟಿ ಆಯ್ತಾ, ಎಲ್ಲ ಒಂದೇ ಕಡೆ. 2004–06ರಲ್ಲಿ ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯ್ತಿದ್ರು, 2018–20ಕ್ಕೆ ಅದು 69ಕ್ಕೆ ಇಳೀತು. ಕಾರ್ಡ್ ಒಂದರಿಂದ್ಲೇ ಆಯ್ತು ಅಂತಲ್ಲ, ಆಸ್ಪತ್ರೆ ಹೆರಿಗೆ, 108, ಆಶಾ, ರಕ್ತನಿಧಿ ಎಲ್ಲ ಸೇರಿ ಆಗಿದ್ದು. ಆದ್ರೆ ಎಲ್ಲರೂ ಒಬ್ಬಳೇ ತಾಯಿಯನ್ನ ನೋಡ್ತಿದೀವಿ ಅನ್ನೋ ಭಾವನೆ ಆ ಕಾರ್ಡಿಂದ ಬಂತು. ಅದೇ ಥರ ಸ್ಟ್ರೋಕ್ ಆದವರಿಗೆ, ಕ್ಯಾನ್ಸರ್ ಆದವರಿಗೆ, ಡಯಾಲಿಸಿಸ್ ಇರೋರಿಗೆ ಯಾಕಿಲ್ಲ? ಒಳಗೆ ಕೆಲಸ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉಪಕೇಂದ್ರದ ಸಿಎಚ್‌ಓ

ಮೇಡಂ ನೀವು ಹೇಳಿದ್ದು ದಿನಾ ನೋಡ್ತೀವಿ. ನಾನು ಬಿಎಸ್ಸಿ ನರ್ಸಿಂಗ್ ಮಾಡಿ ಸಿಎಚ್‌ಓ ಆದವಳು, ಈಗ ನಮ್ಮ ಉಪಕೇಂದ್ರಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಇದೆ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ ಶುಗರ್ ನೋಡೋದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣ ನೋಡೋದು, ಡಾಕ್ಟ್ರು ಬರೆದ ಮೇಲೆ ತಿಂಗಳು ತಿಂಗಳು ಮಾತ್ರೆ ಕೊಡೋದು ನಮ್ಮ ಕೆಲಸ. ಈಗ ಗೃಹ ಆರೋಗ್ಯ ಅಂತ ಬಂದಿದೆ, 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆ ಬಂತು, ಮನೆಗೇ ಹೋಗಿ ತಪಾಸಣೆ. ಒಳ್ಳೇದೇ, ಹೊಸ ಬಿಪಿ ಕೇಸ್ ಎಷ್ಟೋ ಸಿಗ್ತಾವೆ, ತಮಗೆ ಬಿಪಿ ಇದೆ ಅಂತಾನೇ ಗೊತ್ತಿಲ್ಲದೋರು.

ಹುಡುಕೋದು ನಮಗೆ ಬರುತ್ತೆ. ಕಳಿಸೋದೂ ಬರುತ್ತೆ. ಕಳಿಸಿದ ಮೇಲೆ ಏನಾಯ್ತು ಅನ್ನೋದು ಮಾತ್ರ ವಾಪಸ್ ಬರಲ್ಲ. ಬಾಯಲ್ಲಿ ಬಿಳಿ ಮಚ್ಚೆ ಇದೆ ಅಂತ ಒಬ್ಬ ಅಜ್ಜನ್ನ ಕಳಿಸಿದ್ರೆ ಅವರು ಹೋದ್ರಾ, ಬಯಾಪ್ಸಿ ಆಯ್ತಾ, ಏನು ಬಂತು, ನಾನು ಅವರ ಮನೆಗೆ ಹೋಗಿ ಕೇಳಿದ್ರೇ ಗೊತ್ತು. ಮನೆಯವರು "ಏನೂ ಇಲ್ಲ ಅಂದ್ರು" ಅಂತಾರೆ, ನಿಜವಾಗ್ಲೂ ಏನೂ ಇಲ್ವೋ ಹೆದರಿ ಹೋಗ್ಲೇ ಇಲ್ವೋ ಯಾರಿಗೆ ಗೊತ್ತು. ಆಭಾ ನಂಬರ್ (ಆರೋಗ್ಯ ದಾಖಲೆಗೆ ಕೊಡೋ ಗುರುತಿನ ಸಂಖ್ಯೆ) ಮಾಡಿಸಿದೀವಿ ಎಲ್ಲರಿಗೂ, 14 ಅಂಕಿ. ಆದ್ರೆ ಆ ನಂಬರ್ ಹಾಕಿದ್ರೆ ದೊಡ್ಡಾಸ್ಪತ್ರೆ ರಿಪೋರ್ಟ್ ನನ್ನ ಟ್ಯಾಬಲ್ಲಿ ತೆರೆಯೋ ದಿನ ನಮ್ಮ ಕಡೆಗಂತೂ ಇನ್ನೂ ಬಂದಿಲ್ಲ.

ತುಂಗಭದ್ರೆ ಆಶಾ

ನಾನು ಆಶಾ ಕಾರ್ಯಕರ್ತೆ, ಬರವಣಿಗೆ ಅಷ್ಟು ಚೆನ್ನಾಗಿಲ್ಲ ಬೇಜಾರು ಮಾಡ್ಕೋಬೇಡಿ. ಒಂದು ಮಾತು ಹೇಳ್ತೀನಿ ಎಲ್ಲರೂ ಓದಿ.

ಮಗು ಹುಟ್ಟಿ ಮನೆಗೆ ಬಂದ್ರೆ ನಾನು 3ನೇ ದಿನ, 7ನೇ ದಿನ, 14, 21, 28, 42ನೇ ದಿನ ಹೋಗ್ಲೇಬೇಕು. ಮಗು ತೂಕ ನೋಡ್ತೀನಿ, ಮೈ ಬಿಸಿ ನೋಡ್ತೀನಿ, ಹಾಲು ಕುಡೀತಾ ಇದೆಯಾ ನೋಡ್ತೀನಿ, ಹೊಕ್ಕಳು ನೋಡ್ತೀನಿ. ಅದಕ್ಕೆ 250 ರೂಪಾಯಿ ಪ್ರೋತ್ಸಾಹಧನ. ದುಡ್ಡು ಸಣ್ಣದು, ಆದ್ರೆ ದಿನಾಂಕ ಬರೆದಿದೆ, ಏನು ನೋಡ್ಬೇಕು ಬರೆದಿದೆ, ಫಾರ್ಮ್ ಇದೆ, ಅದಕ್ಕೇ ಆ ಕೆಲಸ ಆಗುತ್ತೆ. ಲಕ್ವ ಹೊಡೆದು ಮನೆಗೆ ಬಂದೋರಿಗೆ ಯಾವ ದಿನಾಂಕನೂ ಇಲ್ಲ ಯಾವ ಫಾರ್ಮೂ ಇಲ್ಲ. ಹೋದ್ರೆ ನನ್ನ ಇಷ್ಟ, ಹೋಗದಿದ್ರೆ ಕೇಳೋರಿಲ್ಲ. ನಾನು ಹೋಗ್ತೀನಿ ಯಾಕಂದ್ರೆ ನಮ್ಮ ಬೀದಿಯೋರು, ಆದ್ರೆ ಹೋಗಿ ಏನು ನೋಡ್ಬೇಕು ಅಂತ ನನಗೆ ಯಾರೂ ಟ್ರೈನಿಂಗ್ ಕೊಟ್ಟಿಲ್ಲ. ಮಲಗಿದ ಕಡೆ ಬೆನ್ನಲ್ಲಿ ಹುಣ್ಣಾಗುತ್ತೆ ಅಂತ ಒಬ್ಬ ಸಿಸ್ಟರ್ ಹೇಳಿಕೊಟ್ಟಿದ್ದಕ್ಕೆ ಗೊತ್ತು.

ಇನ್ನೊಂದು. ಹೊಸ ಕೆಲಸ ಎಲ್ಲ ಆಶಾ ತಲೆ ಮೇಲೆ ಹಾಕೋದಾದ್ರೆ ಮೊದಲು ಸಂಬಳದ ಮಾತಾಡಿ. 2025ರ ಜನವರಿಯಲ್ಲಿ ಆ ಚಳೀಲಿ ಫ್ರೀಡಂ ಪಾರ್ಕಲ್ಲಿ ರಸ್ತೆ ಮೇಲೆ ಮಲಗಿದ್ವಿ, 15 ಸಾವಿರ ಕೇಳಿದ್ವಿ, 10 ಸಾವಿರ ಗ್ಯಾರಂಟಿ ಅಂದ್ರು. ನಮಗೆ ಗೌರವಧನ ಅಂತಾರೆ ಸಂಬಳ ಅನ್ನಲ್ಲ. ಪೋರ್ಟಲಲ್ಲಿ ಎಂಟ್ರಿ ಆಗ್ಲಿಲ್ಲ ಅಂದ್ರೆ ಮಾಡಿದ ಕೆಲಸದ ದುಡ್ಡೂ ಬರಲ್ಲ.

ಮಲೆನಾಡ ಮಗಳು

ಅಕ್ಕ, ನೀವು ಬರೆದಿದ್ದಕ್ಕಿಂತ ಚೆನ್ನಾಗಿ ಯಾರೂ ಬರೆಯೋಕೆ ಆಗಲ್ಲ. ಆ ದಿನಾಂಕದ ವಿಷಯ ನನ್ನ ತಲೆಗೇ ಬಂದಿರ್ಲಿಲ್ಲ. ಮಗುವಿಗೆ 42 ದಿನದ ಪಟ್ಟಿ ಇದ್ದಂಗೆ ಸ್ಟ್ರೋಕ್ ಆಗಿ ಬಂದವರಿಗೂ ಮೊದಲ ತಿಂಗಳಿಗೆ ಒಂದು ಪಟ್ಟಿ ಇರ್ಬೇಕು, ಅದಕ್ಕೆ ದುಡ್ಡು ಸೇರಿಸಿಯೇ ಇರ್ಬೇಕು.

ರಾಯಚೂರು ಬಿಸಿಲು

ಎಲ್ಲಾರೂ ಛಲೋ ಮಾತಾಡಾಕತ್ತೀರಿ, ಆದ್ರ ನಮ್ಮ ಕಡಿ ಪರಿಸ್ಥಿತಿ ಬ್ಯಾರೆ ಅದ ರೀ. ಜೋಡಿಸಬೇಕಂದ್ರ ಮೊದಲ ಜೋಡಿಸೋ ಸಾಮಾನ ಇರ್ಬೇಕಲ್ಲ. ಸಮುದಾಯ ಆರೋಗ್ಯ ಕೇಂದ್ರದಾಗ ಸರ್ಜನ್, ಹೆರಿಗಿ ಡಾಕ್ಟ್ರು, ಮಕ್ಕಳ ಡಾಕ್ಟ್ರು, ಅರವಳಿಕಿ ಡಾಕ್ಟ್ರು ಇರ್ಬೇಕು ಅಂತ ನಿಯಮ ಅದ, ಬೋರ್ಡಿನ ಮ್ಯಾಲ ಹೆಸರು ಖಾಲಿ. ರಾತ್ರಿ ಹೆರಿಗಿ ನೋವು ಬಂದ್ರ ಅಲ್ಲಿಂದ ತಾಲ್ಲೂಕು, ತಾಲ್ಲೂಕಿಂದ ರಾಯಚೂರು, ಅಲ್ಲಿಂದ ಒಮ್ಮೊಮ್ಮೆ ಕರ್ನೂಲು. ಇದಕ್ಕ ರೆಫರಲ್ ಅನ್ನೂದಿಲ್ಲ, ಕೈ ತೊಳಕೊಳ್ಳೂದು ಅಂತಾರ.

ಇನ್ನ "ಸಹಯೋಗ" ಅನ್ನೋ ಶಬ್ದ ಕೇಳಿದ್ರ ನನಗ ಅಂಜಿಕಿ ಬರ್ತದ. ನಮ್ಮೂರಾಗ ಒಪೆಕ್ (ತೈಲ ದೇಶಗಳ ಒಕ್ಕೂಟ) ಸಾಲದಾಗ ಕಟ್ಟಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರಿನ ಖಾಸಗಿಯವರ ಕೈಗೆ ಕೊಟ್ಟಿದ್ರು, 2012ರಾಗ ಅವರು ಹೋದ್ರು, ಆಮ್ಯಾಲ ಅದನ್ನ ಮತ್ತ ನಿಲ್ಲಿಸಾಕ ಎಷ್ಟು ತ್ರಾಸಾತು ನಾವು ಕಂಡೀವಿ. ಈಗ ವಿಜಯಪುರದಾಗ ಸರ್ಕಾರಿ ಮೆಡಿಕಲ್ ಕಾಲೇಜು ಸರ್ಕಾರನ ನಡಸಬೇಕು, ಖಾಸಗಿ ಸಹಭಾಗಿತ್ವ ಬ್ಯಾಡ ಅಂತ 2025ರಾಗ ಮಂದಿ ತಿಂಗಳಾನುಗಟ್ಟಲೆ ಧರಣಿ ಕುಂತ್ರು. ಸಮುದಾಯ, ಸಹಭಾಗಿತ್ವ ಅಂತ ಅಂದು ಸರ್ಕಾರ ಹಿಂದ ಸರಿಯಾಕ ದಾರಿ ಮಾಡಿಕೊಡಬ್ಯಾಡ್ರಿ. ಪೋಸ್ಟ್ ತುಂಬ್ರಿ ಮೊದಲ.

ಹಳ್ಳಿ ಡಾಕ್ಟ್ರು

ರಾಯಚೂರಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಪಿಎಚ್‌ಸಿ ಮೆಡಿಕಲ್ ಆಫೀಸರ್. ಬಯಲು ಸೀಮೇಲಿ 30 ಸಾವಿರ ಜನಕ್ಕೆ ಒಂದು ಪಿಎಚ್‌ಸಿ, ಮಲೆನಾಡಲ್ಲಿ 20 ಸಾವಿರಕ್ಕೆ, ಅಲ್ಲಿ ಡಾಕ್ಟ್ರು ಅಂದ್ರೆ ಬಹಳ ಕಡೆ ಒಬ್ಬರೇ. ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ಮೀಟಿಂಗು, ಲಸಿಕೆ, ಟಿಬಿ, ಡೆಂಗಿ ವರದಿ, ಜಾತ್ರೆ ಡ್ಯೂಟಿ. ಕಡ್ಡಾಯ ಸೇವೆಗೆ ಬಂದ ಹುಡುಗ್ರು ವರ್ಷ ಆದ್ಮೇಲೆ ಪಿಜಿ ಓದೋಕೆ ಹೋಗ್ತಾರೆ, ತಪ್ಪೂ ಅಲ್ಲ ಅದು, ಆದ್ರೆ ಊರಿನವರ ಮುಖ ಗೊತ್ತಾಗೋ ಹೊತ್ತಿಗೆ ಡಾಕ್ಟ್ರು ಬದಲು.

ಆದ್ರೂ ಪೋಸ್ಟ್ ತುಂಬೋವರೆಗೂ ಕಾಯೋಣ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಜನ ಕಮ್ಮಿ ಇದ್ದಾಗ್ಲೇ ಕೂಡಿ ಕೆಲಸ ಮಾಡೋದು ಜಾಸ್ತಿ ಬೇಕಾಗೋದು. ಹೃದಯ ಜ್ಯೋತಿ ಯಾಕೆ ನಡೀತಿದೆ ಗೊತ್ತಾ? ತಾಲ್ಲೂಕಲ್ಲಿ ಹೃದ್ರೋಗ ತಜ್ಞರು ಇಲ್ಲ ಅಂತಾನೇ ಅದನ್ನ ಮಾಡಿದ್ದು. ಅಲ್ಲಿ ಮೂರು ವಿಷಯ ಗಟ್ಟಿಯಾಗಿದೆ, ಇಸಿಜಿ ನೋಡೋಕೆ ಆ ಕಡೆ ಒಬ್ಬರು ಕೂತಿರ್ತಾರೆ, ಉತ್ತರ ಎಷ್ಟು ಹೊತ್ತಿಗೆ ಬರ್ಬೇಕು ಅಂತ ಇದೆ, ಉತ್ತರ ಬಂದ ಮೇಲೆ ಕೊಡೋಕೆ ಇಂಜೆಕ್ಷನ್ ಈ ಕಡೆ ಫ್ರಿಜ್ಜಲ್ಲಿ ಇದೆ. ಈ ಮೂರರಲ್ಲಿ ಒಂದು ಇಲ್ದಿದ್ರೂ ಅದು ಕಾಗದದ ಮೇಲಿನ ಯೋಜನೆ ಆಗ್ತಿತ್ತು.

ನಮ್ಮ ತಾಲ್ಲೂಕಲ್ಲಿ ನಾವೇ ಒಂದು ಸಣ್ಣ ವ್ಯವಸ್ಥೆ ಮಾಡಿಕೊಂಡಿದೀವಿ. ತಾಲ್ಲೂಕು ಆಸ್ಪತ್ರೆ ಫಿಸಿಷಿಯನ್ನು, ಸುತ್ತಮುತ್ತಲ ಪಿಎಚ್‌ಸಿ ಡಾಕ್ಟ್ರುಗಳು ಸೇರಿ ಒಂದು ವಾಟ್ಸಾಪ್ ಗ್ರೂಪ್. ಪೇಷಂಟ್ ಹೆಸರು ಹಾಕಲ್ಲ, ಗುಟ್ಟು ಕಾಪಾಡ್ಬೇಕಲ್ಲ. "58 ವರ್ಷ, ಶುಗರ್ 340, ಕಾಲಲ್ಲಿ ಹುಣ್ಣು, ಏನು ಮಾಡ್ಲಿ" ಅಂತ ಕೇಳಿದ್ರೆ ಸಾಯಂಕಾಲದೊಳಗೆ ಉತ್ತರ ಬರುತ್ತೆ, ಎಷ್ಟೋ ಜನಕ್ಕೆ ಬಸ್ ಹತ್ತೋದು ತಪ್ಪಿದೆ. ಅಧಿಕೃತವಾಗಿ ಇದಕ್ಕೆ ಇ-ಸಂಜೀವಿನಿ ಅನ್ನೋ ಸರ್ಕಾರದ ಆನ್‌ಲೈನ್ ಸಲಹೆ ವ್ಯವಸ್ಥೆ ಇದೆ, ಆದ್ರೆ ಅದರಲ್ಲಿ ಆ ಕಡೆ ಯಾರು ಸಿಗ್ತಾರೆ ಗೊತ್ತಿರಲ್ಲ, ಮುಖ ಪರಿಚಯ ಇರೋರ ಹತ್ರ ಕೇಳೋ ಸಲೀಸು ಅಲ್ಲಿ ಇಲ್ಲ. ನನ್ನ ಅನುಭವದಲ್ಲಿ ಸಾಫ್ಟ್‌ವೇರ್‌ಗಿಂತ ತಿಂಗಳಿಗೊಮ್ಮೆ ಎಲ್ಲರೂ ಕೂತು ಟೀ ಕುಡಿಯೋ ಮೀಟಿಂಗೇ ಜಾಸ್ತಿ ಕೆಲಸ ಮಾಡುತ್ತೆ. ಮುಖ ನೋಡಿದ ಮೇಲೆ ಫೋನ್ ಎತ್ತುತಾರೆ.

ಕೋಟೆ ಬಳ್ಳಾರಿ

ಹಳ್ಳಿ ಡಾಕ್ಟ್ರೇ, ನೀವು ಹೇಳಿದ್ದನ್ನ ನಮ್ಮ ಬಳ್ಳಾರಿ 1980ರ ದಶಕದಲ್ಲೇ ಮಾಡಿ ತೋರಿಸಿದೆ, ಜನಕ್ಕೆ ಮರೆತೇ ಹೋಗಿದೆ. ನಿಮ್ಹಾನ್ಸ್‌ನವರು ಮೊದಲು ಆನೇಕಲ್ ಕಡೆ ಸಕಲವಾರದಲ್ಲಿ ಹಳ್ಳಿ ಘಟಕ ಮಾಡಿ ಕಲಿತ್ರು, ಆಮೇಲೆ ಬಳ್ಳಾರಿ ಜಿಲ್ಲೇಲಿ ಪಿಎಚ್‌ಸಿ ಡಾಕ್ಟ್ರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದು, ಮಾತ್ರೆ ಶುರು ಮಾಡೋದು ಕಲಿಸಿದ್ರು. ಇಡೀ ಜಿಲ್ಲೆಗೆ ಮನೋವೈದ್ಯರನ್ನ ತರೋಕೆ ಆಗಲ್ಲ ಅಂತ ಗೊತ್ತಿದ್ದೇ ಮಾಡಿದ್ದು. ಅದೇ ಬಳ್ಳಾರಿ ಮಾದರಿ ಅಂತ ಹೆಸರಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. ಈಗ ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಇದೆ, ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ.

ನಮ್ಮ ಮಾವನ ಮಗನಿಗೆ ಸ್ಕಿಜೋಫ್ರೇನಿಯಾ. ಮುಂಚೆ ದೇವಸ್ಥಾನ, ತಾಯತ ಎಲ್ಲ ಆಯ್ತು. ಈಗ ಮಾತ್ರೆ ಮೇಲೆ ಹೊಲದ ಕೆಲಸ ಮಾಡ್ಕೊಂಡು ಇದಾನೆ. ಒಳ್ಳೇದಾಗಿದ್ದು ದೊಡ್ಡಾಸ್ಪತ್ರೆಯಿಂದ, ಒಳ್ಳೇದಾಗೇ ಉಳಿದಿದ್ದು ತಾಲ್ಲೂಕು ಆಸ್ಪತ್ರೆಯಿಂದ. ಅದೇ ಮಾತ್ರೆ ತಾಲ್ಲೂಕಲ್ಲಿ ಸಿಗುತ್ತೆ, ಮಾತ್ರೆ ಕೊಡೋ ಸಿಸ್ಟರ್‌ಗೆ ಅವನ ಹೆಸರು ಗೊತ್ತು, ಬರಲಿಲ್ಲ ಅಂದ್ರೆ ಫೋನ್ ಮಾಡ್ತಾರೆ. ಮಾತ್ರೆ ಬಿಟ್ರೆ ತಿಂಗಳೊಳಗೆ ಮತ್ತೆ ಮೊದಲಿನ ಹಾಗೇ ಆಗ್ತಾನೆ, ಹಾಗಾಗಿ ಆ ಫೋನ್ ಕಾಲ್ ನಮಗೆ ದೊಡ್ಡದು. ಯಾರಿಗಾದ್ರೂ ಬೇಕಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಗಡಿನಾಡು (ಕಾಸರಗೋಡು)

ನಾವು ಗಡಿಯಿಂದ ಈಚೆ ಕೇರಳದಲ್ಲಿ ಇರುವ ಕನ್ನಡಿಗರು, ಇಲ್ಲಿಯದ್ದು ಸ್ವಲ್ಪ ಹೇಳ್ತೇನೆ.

ಮನೆಯಲ್ಲಿ ಮಲಗಿದ ರೋಗಿಗಳ ಆರೈಕೆ ವಿಷಯದಲ್ಲಿ ಇಲ್ಲಿ ಪಾಲಿಯೇಟಿವ್ ಅಂತ ಹೇಳಿದರೆ ಅಂಗಡಿಯವನಿಗೂ ಗೊತ್ತುಂಟು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಡಾಕ್ಟರ್ ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಇವರೆಲ್ಲ ಸೇರಿ ನೋವು ಶಮನದ ಕ್ಲಿನಿಕ್ ಶುರು ಮಾಡಿದರು. ಆದರೆ ಹಾಸಿಗೆ ಹಿಡಿದವರು ಕ್ಲಿನಿಕ್ಕಿಗೆ ಬರುವುದು ಹೇಗೆ? 2001ರ ಹೊತ್ತಿಗೆ ಮಲಪ್ಪುರಂ ಕಡೆ ಊರವರನ್ನೇ ಸೇರಿಸಿ ನೆರೆಕರೆ ಜಾಲ ಕಟ್ಟಿದರು. ವಾರಕ್ಕೆ ಎರಡು ಗಂಟೆಯಾದರೂ ಕೊಡ್ತೇನೆ ಅಂತ ಹೇಳುವ ಸ್ವಯಂಸೇವಕರು, ಅವರಿಗೆ ತರಬೇತಿ, ಖರ್ಚಿಗೆ ಊರವರದ್ದೇ ಸಣ್ಣ ಸಣ್ಣ ದೇಣಿಗೆ. 2008ರಲ್ಲಿ ಸರ್ಕಾರ ನೀತಿ ಮಾಡಿತು, ಪಂಚಾಯತ್‌ನಿಂದಲೇ ನರ್ಸ್, ಗಾಡಿ ಬರುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಮೂತ್ರದ ಟ್ಯೂಬ್ ಬದಲಾಯಿಸುವುದು, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಎಲ್ಲ ಹಾಗೆಯೇ ನಡೆಯುವುದು. ನರ್ಸ್ ಬಂದರೆ ಮೊದಲು ಅಜ್ಜಿಯ ಹತ್ತಿರ ಕೂತು ಮಾತಾಡ್ತಾರೆ, ಆಮೇಲೆ ಮನೆಯ ಹೆಂಗಸಿಗೆ ಹೇಗೆ ಮಗ್ಗುಲು ತಿರುಗಿಸುವುದು ಅಂತ ಕೈ ಹಿಡಿದು ತೋರಿಸ್ತಾರೆ, ಒಂದು ದಿಂಬು ಕಾಲಿನ ಅಡಿಗೆ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡ್ತಾರೆ. ಇಷ್ಟೇ ಕೆಲಸ, ಇದರಿಂದ ಹುಣ್ಣು ಆಗುವುದು ತಪ್ಪುತ್ತದೆ.

ನಮ್ಮಲ್ಲಿ ಇದರ ಅಗತ್ಯ ಬೇರೆಯೇ ಉಂಟು. ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದರು, ಎಣ್ಮಕಜೆಯಂಥ ಕನ್ನಡ ಊರುಗಳಲ್ಲಿ ಹಾಸಿಗೆಯಲ್ಲೇ ದೊಡ್ಡವರಾದ ಮಕ್ಕಳಿದ್ದಾರೆ.

ಆದರೆ ಕೇರಳ ಅಂದರೆ ಎಲ್ಲ ಸರಿ ಅಂತ ತಿಳಿಯಬೇಡಿ. ಮನೆಯ ಬಾಗಿಲಿಗೆ ನರ್ಸ್ ಬರ್ತಾರೆ, ದೊಡ್ಡ ಕಾಯಿಲೆಗೆ ಮಾತ್ರ ಈ ಜಿಲ್ಲೆಯಲ್ಲಿ ಗತಿ ಇಲ್ಲ, ಮಂಗಳೂರಿಗೇ ಹೋಗಬೇಕು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಆಂಬುಲೆನ್ಸ್ ಸಹ ಬಿಡಲಿಲ್ಲ, ಚಿಕಿತ್ಸೆ ಸಿಗದೆ ಜನ ಸತ್ತರು. ಅದನ್ನು ನಾವು ಮರೆಯಲಿಕ್ಕಿಲ್ಲ. ಹಾಗಾಗಿ ರಾಯಚೂರಿನವರ ಮಾತು ನನಗೆ ಅರ್ಥವಾಗ್ತದೆ. ಕೆಳಗಿನದ್ದು ಮೇಲಿನದ್ದು ಎರಡೂ ಬೇಕು, ಒಂದು ಇದ್ದರೆ ಇನ್ನೊಂದು ಬೇಡ ಅಂತ ಆಗುವುದಿಲ್ಲ.

ಮಂಡ್ಯದ ಸೊಸೆ

ಎಲ್ರೂ ಮನೆ ಆರೈಕೆ ಮನೆ ಆರೈಕೆ ಅಂತಿದೀರ, ಮನೇಲಿ ಮಾಡೋರು ಯಾರು ಅಂತ ಒಬ್ರಾದ್ರೂ ಕೇಳಿದ್ರಾ? ಅತ್ತೆ ಹಾಸಿಗೆ ಹಿಡಿದಾಗ ಗಾರ್ಮೆಂಟ್ಸ್ ಕೆಲಸ ಬಿಟ್ಟೋಳು ನಾನು. ಆಸ್ಪತ್ರೆಯವರು ಬೇಗ ಡಿಸ್ಚಾರ್ಜ್ ಮಾಡಿ ಮನೇಲೇ ನೋಡ್ಕೊಳ್ಳಿ ಅಂದ್ರು, ಅವರ ಬೆಡ್ ಖಾಲಿ ಆಯ್ತು, ನನ್ನ ಸಂಬಳ ನಿಂತೋಯ್ತು. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಾಯಿಸೋದು, ಟ್ಯೂಬಲ್ಲಿ ಗಂಜಿ ಹಾಕೋದು, ಬಟ್ಟೆ ಒಗೆಯೋದು. ಅತ್ತೆ ಮೇಲೆ ನನಗೆ ಬೇಜಾರಿಲ್ಲ, ನನ್ನ ಮಗಳ ಬಾಣಂತನ ಮಾಡಿದ ಜೀವ ಅದು. ಆದ್ರೆ ಸರ್ಕಾರಕ್ಕೆ ಉಳಿದ ದುಡ್ಡು ಯಾರ ಮೈಯಿಂದ ಹೋಯ್ತು ಅಂತ ಲೆಕ್ಕ ಹಾಕ್ಬೇಕು.

ಗಡಿನಾಡು (ಕಾಸರಗೋಡು)

ಅಕ್ಕ ನೀವು ಹೇಳಿದ್ದು ಸರಿ. ಇಲ್ಲಿ ಆಶ್ವಾಸಕಿರಣಂ ಅಂತ ಉಂಟು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರಿಗೆ ತಿಂಗಳಿಗೆ 600 ರೂಪಾಯಿ. ಆ ದುಡ್ಡಿನಿಂದ ಏನೂ ಆಗುವುದಿಲ್ಲ, ಕಂತು ಬಾಕಿ ಉಳಿಯುವುದೂ ಉಂಟು. ಆದರೆ ನೋಡಿಕೊಳ್ಳುವವರು ಅಂತ ಸರ್ಕಾರದ ಪಟ್ಟಿಯಲ್ಲಿ ಒಂದು ಹೆಸರು ಇರುತ್ತದೆ. ನಮ್ಮ ಸ್ವಯಂಸೇವಕರಲ್ಲಿ ಕೆಲವರು ಅಜ್ಜಿಯ ಹತ್ತಿರ ಒಂದು ಮಧ್ಯಾಹ್ನ ಕೂರ್ತಾರೆ, ಆ ಹೊತ್ತಿಗೆ ಮನೆಯ ಹೆಂಗಸು ಪೇಟೆಗೆ, ಮದುವೆಗೆ ಹೋಗಿ ಬರಲಿಕ್ಕೆ ಆಗ್ತದೆ.

ಮಂಡ್ಯದ ಸೊಸೆ

ಒಂದು ಮಧ್ಯಾಹ್ನ ಸಿಕ್ಕಿದ್ರೂ ಸಾಕಿತ್ತು ನನಗೆ ಆಗ. ನಿದ್ದೆ ಮಾಡ್ತಿದ್ದೆ.

ದಾವಣಗೆರೆ ಫ್ಯಾಮಿಲಿ ಡಾಕ್ಟರ್

ಖಾಸಗಿಯವರ ಮೇಲೆ ಅನುಮಾನ ಇರೋದು ಸಹಜ, ಆದ್ರೂ ಹೇಳ್ತೀನಿ. ನಾನು ಸಣ್ಣ ಕ್ಲಿನಿಕ್ ಇಟ್ಟವನು, ಕಾರ್ಪೊರೇಟ್ ಅಲ್ಲ. ಹಳ್ಳಿ ಜನ ಮೊದಲು ಬರೋದು ನನ್ನಂಥವರ ಹತ್ರ, ಸಂಜೆ ಹೊತ್ತು, ಕೂಲಿ ಮುಗಿಸಿ. ಪಿಎಚ್‌ಸಿ ಬಾಗಿಲು ಆಗ ಹಾಕಿರುತ್ತೆ. ನಮ್ಮನ್ನ ಬಿಟ್ಟು ಯಾವ ಜಾಲ ಕಟ್ಟಿದ್ರೂ ಅದರಲ್ಲಿ ತೂತು ಉಳಿಯುತ್ತೆ.

ಟಿಬಿಯಲ್ಲಿ ಇದು ಈಗಾಗ್ಲೇ ಆಗಿದೆ. 2012ರಿಂದ ಟಿಬಿ ಕೇಸ್ ಕಂಡ್ರೆ ಖಾಸಗಿ ಡಾಕ್ಟ್ರೂ ಸರ್ಕಾರಕ್ಕೆ ತಿಳಿಸ್ಲೇಬೇಕು. ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ಹಾಕಿದ್ರೆ 500 ರೂಪಾಯಿ, ಚಿಕಿತ್ಸೆ ಮುಗಿದ ಫಲಿತಾಂಶ ತಿಳಿಸಿದ್ರೆ ಇನ್ನೊಂದು 500. ದುಡ್ಡಿಗಿಂತ ಮುಖ್ಯವಾದದ್ದು ನನ್ನ ಪೇಷಂಟ್‌ಗೆ ಸರ್ಕಾರಿ ಮಾತ್ರೆ ಫ್ರೀ ಸಿಗುತ್ತೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ಅವರ ಖಾತೆಗೆ ಬರುತ್ತೆ, ಮಾತ್ರೆ ನಿಲ್ಲಿಸಿದ್ರೆ ಮನೆಗೆ ಹೋಗಿ ಕೇಳೋಕೆ ಸರ್ಕಾರದ ಕಾರ್ಯಕರ್ತರು ಇದಾರೆ. ನನ್ನ ಪೇಷಂಟ್ ನನ್ನ ಪೇಷಂಟಾಗೇ ಉಳೀತಾನೆ, ಸರ್ಕಾರದ ಬೆಂಬಲವೂ ಸಿಗುತ್ತೆ. ಬಿಪಿ ಶುಗರಿಗೂ ಇದೇ ಥರ ಯಾಕೆ ಮಾಡ್ಬಾರ್ದು? ನಾನು ಚೀಟಿ ಬರೀತೀನಿ, ಮಾತ್ರೆ ಉಪಕೇಂದ್ರದಲ್ಲಿ ತಗೊಳ್ಲಿ. ಔಷಧಿಯ ಮೂಲ ಹೆಸರಲ್ಲೇ ಬರೀತೀನಿ, ಕಂಪನಿ ಹೆಸರಲ್ಲಿ ಅಲ್ಲ, ಆಗ ಮೇಲೆ ಮೇಡಂ ಹೇಳಿದ ಎರಡೆರಡು ಅಮ್ಲೋಡಿಪಿನ್ ಪ್ರಾಬ್ಲಮ್ ಬರೋದೇ ಇಲ್ಲ.

ಬೆಂಗಳೂರು ಪಶ್ಚಿಮ

ಸಿಟೀಲೂ ಇದೇ ಕಥೆ. 2022ರ ಡಿಸೆಂಬರಲ್ಲಿ "ನಮ್ಮ ಕ್ಲಿನಿಕ್" ಅನ್ನೋ ಸರ್ಕಾರಿ ಕ್ಲಿನಿಕ್ ಬಂತು, ನಮ್ಮ ವಾರ್ಡಲ್ಲೂ ಇದೆ, ಚೊಕ್ಕಟವಾಗಿದೆ, ಡಾಕ್ಟ್ರು ಒಳ್ಳೇವ್ರು. ಶುರುವಲ್ಲಿ ಟೈಮ್ ಬೆಳಿಗ್ಗೆ 9ರಿಂದ ಸಂಜೆ 4:30 ಇಟ್ಟಿದ್ರು, ಮನೆಗೆಲಸದೋರು, ಗಾರೆ ಕೆಲಸದೋರು ಆ ಟೈಮಲ್ಲಿ ಹೆಂಗೆ ಬರ್ತಾರೆ ಹೇಳಿ. ಬಡವರ ಏರಿಯಾಗೆ ಕ್ಲಿನಿಕ್ ಮಾಡೋದಾದ್ರೆ ಮೊದಲು ಆ ಏರಿಯಾದವರನ್ನ ಟೈಮ್ ಯಾವುದು ಅಂತ ಕೇಳ್ಬೇಕು. ಹಳ್ಳೀಲಿ ಆಶಾಗೆ ಎಲ್ಲರ ಮನೆ ಗೊತ್ತಿರುತ್ತೆ, ಇಲ್ಲಿ ಬಾಡಿಗೆ ಮನೆ ವರ್ಷ ವರ್ಷ ಬದಲಾಗುತ್ತೆ, ಯಾರು ಎಲ್ಲಿದಾರೆ ಅಂತಾನೇ ಗೊತ್ತಾಗಲ್ಲ.

ಮ್ಯಾಂಚೆಸ್ಟರ್ ಕನ್ನಡತಿ

ನಾನು ಇಲ್ಲಿ ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ನರ್ಸ್, ಹುಟ್ಟೂರು ಹಾಸನ. ಇಲ್ಲಿ ಎಲ್ಲರಿಗೂ ಒಬ್ಬ ಜಿಪಿ (ಫ್ಯಾಮಿಲಿ ಡಾಕ್ಟ್ರು) ಅಂತ ಇರ್ತಾರೆ, ಆಸ್ಪತ್ರೆಯಿಂದ ಬಿಡುಗಡೆ ಆದ 24 ಗಂಟೆ ಒಳಗೆ ಸಮ್ಮರಿ ಆ ಜಿಪಿಗೆ ತಲುಪಬೇಕು ಅಂತ ನಿಯಮ. 2022ರ ಜುಲೈಯಲ್ಲಿ ಇಂಗ್ಲೆಂಡಲ್ಲಿ 42 ಬೋರ್ಡ್ ಮಾಡಿ ಆಸ್ಪತ್ರೆ, ಜಿಪಿ, ಸ್ಥಳೀಯ ಕೌನ್ಸಿಲ್ ಎಲ್ಲರೂ ಕೂಡಿ ಯೋಜನೆ ಮಾಡೋ ಹಾಗೆ ಮಾಡಿದಾರೆ. ಆದ್ರೂ ಮನೇಲಿ ನೋಡ್ಕೊಳ್ಳೋಕೆ ಕೇರರ್ ಸಿಗದೆ ವಾಸಿಯಾದ ವಯಸ್ಸಾದವರು ವಾರ್ಡಲ್ಲೇ ಉಳೀತಾರೆ, ಹೊಸಬರು ಕಾರಿಡಾರಲ್ಲಿ ಟ್ರಾಲಿ ಮೇಲೆ ಕಾಯ್ತಾರೆ. ಕಾಗದ ಸರಿಯಾಗಿ ತಲುಪಿದ್ರೂ ಮನೆ ಕಡೆ ಕೈ ಇಲ್ದಿದ್ರೆ ಹೀಗೇ ಆಗೋದು. ಮಂಡ್ಯದ ಅಕ್ಕ ಕೇಳಿದ ಪ್ರಶ್ನೆ ಇಲ್ಲೂ ಬಗೆಹರಿದಿಲ್ಲ.

ಬಿಳಿಗಿರಿ ತಪ್ಪಲು

ಚಾಮರಾಜನಗರ ಕಡೆಯವನು. ರಾಯಚೂರಿನ ಅಣ್ಣಂಗೆ ಒಂದು ಮಾತು. ಸಹಭಾಗಿತ್ವ ಅಂದ್ರೆ ಎಲ್ಲ ಒಂದೇ ಅಲ್ಲ. ಯಳಂದೂರು ತಾಲ್ಲೂಕು ಗುಂಬಳ್ಳಿ ಪಿಎಚ್‌ಸಿಯನ್ನ 1996ರಲ್ಲಿ ಕರುಣಾ ಟ್ರಸ್ಟ್ ನಡೆಸೋಕೆ ತಗೊಂಡ್ರು, ಡಾಕ್ಟರ್ ಸುದರ್ಶನ್ ಅವರ ಸಂಸ್ಥೆ, ಅದು ಶುರುವಾಗಿದ್ದೇ ಈ ತಾಲ್ಲೂಕಲ್ಲಿ ಕುಷ್ಠರೋಗ ಜಾಸ್ತಿ ಇತ್ತು ಅಂತ. ಅವರು ಬರೀ ಬಾಗಿಲು ತೆಗೆದಿಟ್ಟು ಕೂತ್ಕೊಳ್ಲಿಲ್ಲ. ಕಣ್ಣು, ಮಾನಸಿಕ ಕಾಯಿಲೆ, ಮೂರ್ಛೆರೋಗ ಎಲ್ಲದಕ್ಕೂ ಪಿಎಚ್‌ಸಿಯಲ್ಲೇ ಚಿಕಿತ್ಸೆ ಸೇರಿಸಿದ್ರು. ನಮ್ಮ ಕಡೆ ತಲೆಗೆ ಬಿಸಿನೀರು ಹುಯ್ಕೊಂಡಾಗ ಬರೋ ಮೂರ್ಛೆ ಅಂತ ಒಂದಿದೆ, ಇಲ್ಲಿ ಅದು ಜಾಸ್ತಿ, ಜನ ಅದನ್ನ ದೆವ್ವ ಅಂತಿದ್ರು. ಹತ್ತಿರದಲ್ಲೇ ಮಾತ್ರೆ ಸಿಕ್ಕಿದ್ದಕ್ಕೆ ಎಷ್ಟೋ ಮಕ್ಕಳು ಸ್ಕೂಲಿಗೆ ಹೋದ್ರು. ಲಾಭ ತಗೊಳ್ಳೋರ ಕೈಗೆ ಆಸ್ಪತ್ರೆ ಕೊಡೋದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ರಾಯಚೂರು ಬಿಸಿಲು

ಗುಂಬಳ್ಳಿ ಬಗ್ಗೆ ನನಗ ಗೌರವ ಅದ ರೀ. ಆದ್ರ ಅಂಥಾ ಮಂದಿ ಎಷ್ಟು ಊರಿಗೆ ಸಿಗ್ತಾರ? ಒಳ್ಳೆ ಸಂಸ್ಥಾ ಇದ್ದಲ್ಲಿ ಒಳ್ಳೇದಾಗ್ತದ, ಇಲ್ಲದಲ್ಲಿ ಏನು? ಸರ್ಕಾರ ಅದನ್ನ ನೋಡಿ ಕಲಿತು ತಾನ ಮಾಡಬೇಕು, ಅದೇ ನನ್ನ ಮಾತು. ಆ ದಾವಣಗೆರಿ ಡಾಕ್ಟ್ರು ಹೇಳಿದ್ದಕ್ಕ ನಂದೇನು ತಕರಾರಿಲ್ಲ, ಆಸ್ಪತ್ರಿ ಸರ್ಕಾರದ್ದ ಇರ್ತದ, ಮಾತ್ರಿ ಸರ್ಕಾರದ್ದ ಇರ್ತದ, ಅವರು ಬಂದು ಕೂಡ್ಕೋತಾರ, ಬರ್ಲಿ.

ಮಲೆನಾಡ ಮಗಳು

ಎಲ್ಲ ಓದಿದೆ, ಎರಡೆರಡು ಸಲ ಓದಿದೆ. ಇಡೀ ರಾಜ್ಯದ್ದು ನಮ್ಮ ಕೈಲಿಲ್ಲ, ನಮ್ಮ ತಾಲ್ಲೂಕಿಂದ ಶುರು ಮಾಡೋಣ ಅಂತ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಬರೀತಿದೀನಿ, ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಒಂದು ನಮ್ಮ ಪಂಚಾಯ್ತಿಗೆ. ಕೇಳೋದು ಇಷ್ಟು: ಆಸ್ಪತ್ರೆಯಿಂದ ಬಿಡುಗಡೆ ಆಗುವಾಗ ಸಮ್ಮರಿ ಜೊತೆ ಕನ್ನಡದಲ್ಲಿ ಒಂದು ಪುಟದ ಚೀಟಿ, ಎರಡು ಪ್ರತಿ, ಒಂದು ಮನೆಯವರಿಗೆ ಒಂದು ಪಿಎಚ್‌ಸಿಗೆ. ಅದರಲ್ಲಿ ಏನು ಕಾಯಿಲೆ, ಯಾವ ಮಾತ್ರೆ ಹೊಸದು, ಯಾವ ಹಳೇ ಮಾತ್ರೆ ನಿಲ್ಲಿಸ್ಬೇಕು, ಮುಂದಿನ ರಕ್ತ ಪರೀಕ್ಷೆ ಯಾವಾಗ, ಯಾವ ಲಕ್ಷಣ ಕಂಡ್ರೆ ತಕ್ಷಣ ವಾಪಸ್ ಬರ್ಬೇಕು. ಮೂಲ ಹೆಸರಲ್ಲೇ ಔಷಧಿ. ಜೊತೆಗೆ ಮನೇಲಿ ನೋಡ್ಕೊಳ್ಳೋರು ಯಾರು ಅಂತ ಒಂದು ಸಾಲು, ಅವರಿಗೆ ಬಿಡುಗಡೆಗೆ ಮುಂಚೆ ಅರ್ಧ ಗಂಟೆ ವಾರ್ಡ್ ಸಿಸ್ಟರ್ ಹತ್ರ ಕಲಿಸಿಕೊಡೋದು. ಮಂಡ್ಯದ ಅಕ್ಕ, ಇದು ನಿಮ್ಮಿಂದ ಬಂದಿದ್ದು. ಖಾಲಿ ಪೋಸ್ಟುಗಳ ವಿಷಯಾನೂ ಅದೇ ಅರ್ಜೀಲಿ ಹಾಕ್ತೀನಿ ರಾಯಚೂರಿನ ಅಣ್ಣ, ಬಿಡಲ್ಲ. ಹಳ್ಳಿ ಡಾಕ್ಟ್ರೇ, ಇದು ಡ್ಯೂಟಿ ಡಾಕ್ಟ್ರಿಗೆ ತೀರಾ ಹೊರೆ ಆಗುತ್ತಾ?

ಹಳ್ಳಿ ಡಾಕ್ಟ್ರು

ಡಾಕ್ಟ್ರು ತುಂಬೋದಾದ್ರೆ ಆಗಲ್ಲ, ಒಂದು ವಾರ ತುಂಬಿ ಬಿಡ್ತಾರೆ. ವಾರ್ಡ್ ಸಿಸ್ಟರ್ ತುಂಬಿ ಡಾಕ್ಟ್ರು ಸಹಿ ಹಾಕೋ ಥರ ಇಡಿ. ಎಲ್ಲ ಕಾಯಿಲೆಗೂ ಬೇಡ ಮೊದಲಿಗೆ, ಸ್ಟ್ರೋಕ್, ಹಾರ್ಟ್ ಅಟ್ಯಾಕ್, ಕ್ಯಾನ್ಸರ್ ಇಷ್ಟಕ್ಕೆ ಸಾಕು. ಮತ್ತೆ ಕೆಡಿಪಿ ಸಭೇಲಿ (ತಾಲ್ಲೂಕಿನ ಇಲಾಖೆಗಳ ಪ್ರಗತಿ ಪರಿಶೀಲನೆ ಸಭೆ) ತಿಂಗಳಿಗೆ ಎಷ್ಟು ಚೀಟಿ ಬಂತು ಅಂತ ಕೇಳೋ ಹಾಗೆ ಮಾಡ್ಸಿ, ಅಲ್ಲಿ ಕೇಳಿದ್ದು ಮಾತ್ರ ಉಳಿಯುತ್ತೆ.

ಉಪಕೇಂದ್ರದ ಸಿಎಚ್‌ಓ

ಚೀಟಿ ಪಿಎಚ್‌ಸಿವರೆಗೆ ಬಂದು ಫೈಲಲ್ಲಿ ಕೂತ್ಕೊಳ್ಳೋದು ಬೇಡ, ಉಪಕೇಂದ್ರದ ಹೆಸರು ಮೇಲೇ ಇರ್ಲಿ. ನಾನು ಚೀಟಿ ಬಂದ ವಾರದೊಳಗೆ ಮನೆಗೆ ಹೋಗಿ ಮಾತ್ರೆ ಡಬ್ಬಿ ನೋಡ್ತೀನಿ, ಇದನ್ನ ಯಾರೂ ಹೇಳದಿದ್ರೂ ಮಾಡ್ತೀನಿ. ಫಾರ್ಮ್ಯಾಟ್ ರೆಡಿ ಆದ್ರೆ ನನಗೂ ಕಳಿಸಿ ಮೇಡಂ, ನಮ್ಮ ತಾಲ್ಲೂಕಲ್ಲೂ ಕೊಡ್ತೀನಿ.

ತುಂಗಭದ್ರೆ ಆಶಾ

ಚೀಟೀಲಿ ಆಶಾ ಫೋನ್ ನಂಬರ್ ಬರೆಯೋಕೆ ಜಾಗ ಬಿಡಿ, ಮತ್ತೆ ಪೇಷಂಟ್ ಯಾವ ಮನೇಲಿ ಇರ್ತಾರೆ ಅದೂ ಬರೀಲಿ. ಆಧಾರಲ್ಲಿ ನಮ್ಮೂರಿನ ವಿಳಾಸ ಇರುತ್ತೆ, ಹುಷಾರಿಲ್ಲದಾಗ ಮಗಳ ಮನೆಗೆ ಹೋಗಿರ್ತಾರೆ, ನಾವು ಇಲ್ಲಿ ಬೀಗ ಹಾಕಿದ ಬಾಗಿಲು ನೋಡಿ ಬರ್ತೀವಿ. ಮಗಳ ಊರಿನ ಆಶಾಗೆ ಆ ಚೀಟಿ ಹೋಗ್ಬೇಕು. ಅಕ್ಷರ ದೊಡ್ಡದಾಗಿರ್ಲಿ, ನನಗೂ ಕನ್ನಡಕ ಬಂದಿದೆ.